ಮಣ್ಣಿನ ಮೇಷ್ಟರು ಜಾರ್ಜ್ ವಾಷಿಂಗ್ಟನ್ ಕಾರ್ವರ್

ರಾಜ್ಯೋತ್ಸವದ ಸಂಚಿಕೆಯಲ್ಲಿ ಕನ್ನಡನಾಡಿನ ಹಿರಿಯರ ಚರಿತ್ರೆಯನ್ನು ಓದಿ ಸಂತೋಷಪಡುವುದು ನಮ್ಮೆಲ್ಲರ ರೂಢಿ. ಈ ಸಲ ಆ ರೂಢಿಯನ್ನು ಕೊಂಚ ಮೀರಿ, ಸಮುದ್ರದಾಚೆಯ ಮಹನೀಯರೊಬ್ಬರ ಬಾಳಿನ ಕಥೆಯನ್ನು ವಾಚಕರ ಮುಂದಿಡುತ್ತಿದ್ದೇವೆ. ಅವರು ಕನ್ನಡನಾಡನ್ನು ಕಂಡವರಲ್ಲ. ಆದರೆ ಅವರು ಮೆಚ್ಚಿ ಬೆಳೆಸಿದ ಬೆಳೆಗಳು ನಮಗೆ ಚಿರಪರಿಚಿತವಾದ ಅಲಸಂದೆ, ಗೆಣಸು ಮತ್ತು ಶೇಂಗಾ. ಅವರು ಕಂಡು ಮರುಗಿದ ಕಷ್ಟವೂ ನಮಗೆ ಹೊಸದಲ್ಲ. ಓದಿ ಮುಗಿಸುವ ಹೊತ್ತಿಗೆ ಅವರು ಅಷ್ಟೇನೂ ಪರಕೀಯರಲ್ಲವೆಂದು ವಾಚಕರಿಗೆ ತೋರೀತೆಂದು ನಂಬಿದ್ದೇವೆ.

ಈ ಚರಿತ್ರೆಯನ್ನು ಆರಿಸಿಕೊಳ್ಳಲು ಇನ್ನೊಂದು ಕಾರಣವುಂಟು. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಈ ಮಹಾನಗರಕ್ಕೆ ಬಂದ ನಮ್ಮಲ್ಲಿ ಬಹಳ ಮಂದಿಗೆ ಊರಿನಲ್ಲಿ ಇಂದಿಗೂ ನಾಲ್ಕಾರು ಎಕರೆ ಹೊಲವಿದೆ. ಅದನ್ನು ದಾಯಾದಿಗಳಿಗೋ ಪಕ್ಕದ ಹೊಲದವರಿಗೋ ಪಾಲಿಗೆ ಬಿಟ್ಟು ಬಂದಿದ್ದೇವೆ. ಜಾತ್ರೆಗೋ ಮದುವೆಗೋ ಊರಿಗೆ ಹೋದಾಗ ಈ ವರ್ಷ ಎಷ್ಟು ಚೀಲವಾಯಿತೆಂದು ಕೇಳುತ್ತೇವೆ. ನಮ್ಮ ಪಾಲಿನ ಲೆಕ್ಕ ನೋಡುತ್ತೇವೆ. ಹೊಲದ ಮಣ್ಣು ಹೇಗಿದೆಯೆಂದು ಕೇಳುವವರು ನಮ್ಮಲ್ಲಿ ಎಷ್ಟು ಮಂದಿ? ಆ ಪ್ರಶ್ನೆಯನ್ನು ಜೀವಮಾನವಿಡೀ ಕೇಳುತ್ತ ಹೋದವರು ಜಾರ್ಜ್ ವಾಷಿಂಗ್ಟನ್ ಕಾರ್ವರರು.

ಅಮೆರಿಕದ ಮಿಸೌರಿ ಸಂಸ್ಥಾನದ ಡೈಮಂಡ್ ಎಂಬ ಹಳ್ಳಿಯ ಬಳಿ ಮೋಸೆಸ್ ಕಾರ್ವರ್ ಎಂಬ ಬಿಳಿಯ ರೈತನಿದ್ದನು. ಅವನ ಮನೆಯಲ್ಲಿ ಮೇರಿ ಎಂಬ ಕಪ್ಪು ಜನಾಂಗದ ಹೆಣ್ಣುಮಗಳು ಜೀತದಲ್ಲಿದ್ದಳು. ನಮ್ಮ ಜೀತದಂತೆ ಸಾಲಕ್ಕೆ ದುಡಿಯುವ ಜೀತವಲ್ಲ ಅದು. ದನಕರುಗಳಂತೆ ಮನುಷ್ಯರನ್ನು ಕೊಂಡು ಮಾರುವ ಗುಲಾಮಗಿರಿ. ಆ ಮೇರಿಯ ಹೊಟ್ಟೆಯಲ್ಲಿ 1864ರ ಸುಮಾರಿಗೆ ಜಾರ್ಜ್ ಹುಟ್ಟಿದನು. ಗುಲಾಮರ ಮಕ್ಕಳ ಹುಟ್ಟಿದ ದಿನವನ್ನು ಬರೆದಿಡುವವರು ಯಾರು? ತಾನು ಹುಟ್ಟಿದ ವರ್ಷ ಯಾವುದೆಂದು ಅವನಿಗೂ ಕೊನೆಯವರೆಗೆ ಖಚಿತವಾಗಿ ಗೊತ್ತಾಗಲಿಲ್ಲ.

ಅಮೆರಿಕದಲ್ಲಿ ಅಂತರ್ಯುದ್ಧ ನಡೆಯುತ್ತಿದ್ದ ಕಾಲವದು. ರಾತ್ರಿವೇಳೆ ದರೋಡೆಕೋರರು ದಾಳಿಯಿಟ್ಟು ಗುಲಾಮರನ್ನು ಹೊತ್ತೊಯ್ದು ಬೇರೆ ಕಡೆ ಮಾರಿಬಿಡುತ್ತಿದ್ದರು. ಅಂಥದೊಂದು ದಾಳಿಯಲ್ಲಿ ಮೇರಿಯೂ ಎದೆಗೂಸಾಗಿದ್ದ ಜಾರ್ಜನೂ ಕಳ್ಳರ ಪಾಲಾದರು. ಮೋಸೆಸ್ ಕಾರ್ವರನು ಆಳೊಬ್ಬನನ್ನು ಹುಡುಕಲು ಕಳುಹಿಸಿದನು. ಅವನು ಮಗುವನ್ನು ಮಾತ್ರ ಹಿಂದಕ್ಕೆ ತಂದನು. ಕೆಮ್ಮಿ ಕೆಮ್ಮಿ ಸಾಯುವ ಸ್ಥಿತಿಯಲ್ಲಿದ್ದ ಕೂಸದು. ತಂದುದಕ್ಕೆ ಅವನಿಗೆ ಒಂದು ಕುದುರೆ ಇನಾಮು ಸಿಕ್ಕಿತೆಂದು ಹೇಳುತ್ತಾರೆ. ತಾಯಿಯ ಸುಳಿವು ಮತ್ತೆಂದೂ ಸಿಗಲಿಲ್ಲ. ತಂದೆ ಮೊದಲೇ ಅಪಘಾತದಲ್ಲಿ ತೀರಿಕೊಂಡಿದ್ದನು. ಗುಲಾಮಗಿರಿ ರದ್ದಾದ ಮೇಲೆ ಮೋಸೆಸ್ ಮತ್ತು ಅವನ ಹೆಂಡತಿ ಸೂಸನ್ ಜಾರ್ಜನನ್ನೂ ಅವನ ಅಣ್ಣ ಜಿಮ್ಮನನ್ನೂ ತಮ್ಮ ಮನೆಯಲ್ಲೇ ಸಾಕಿದರು.

ಅಣ್ಣ ಗಟ್ಟಿಮುಟ್ಟಾಗಿದ್ದು ಹೊಲದ ಕೆಲಸಕ್ಕೆ ಹೋಗುತ್ತಿದ್ದನು. ತಮ್ಮ ರೋಗಿಷ್ಠ, ಆದುದರಿಂದ ಮನೆಯಲ್ಲೇ ಉಳಿದು ಸೂಸನ್ನಳಿಂದ ಅಡಿಗೆ, ಹೊಲಿಗೆ, ಬಟ್ಟೆ ಒಗೆಯುವುದು, ಇಸ್ತ್ರಿ ಮಾಡುವುದು ಇವನ್ನು ಕಲಿತನು. ಮುಂದೆ ದೊಡ್ಡ ವಿಜ್ಞಾನಿಯೆನಿಸಿದವರಿಗೆ ಇದೇ ಅಡಿಗೆಮನೆಯ ವಿದ್ಯೆ ಎಷ್ಟು ಉಪಯೋಗಕ್ಕೆ ಬಂತೆಂಬುದನ್ನು ವಾಚಕರು ಮುಂದೆ ನೋಡುವರು. ಬಿಡುವಿನಲ್ಲಿ ಹುಡುಗ ಕಾಡಿಗೆ ಹೋಗಿ ಗಿಡಗಳನ್ನು ತಂದು ನೆಡುವನು. ಬಾಡಿದ ಗಿಡಕ್ಕೆ ಮಣ್ಣು ಬದಲಿಸಿ ಚಿಗುರಿಸುವನು. ನೆರೆಹೊರೆಯವರು ಅವನನ್ನು ಗಿಡಗಳ ವೈದ್ಯನೆಂದು ಕರೆಯತೊಡಗಿದರು.

ಹಳ್ಳಿಯ ಶಾಲೆಗೆ ಕಪ್ಪು ಮಕ್ಕಳಿಗೆ ಪ್ರವೇಶವಿರಲಿಲ್ಲ. ಎಂಟು ಮೈಲಿ ದೂರದ ನಿಯೋಶೋ ಊರಿನಲ್ಲಿ ಅವರಿಗಾಗಿ ಒಂದು ಶಾಲೆಯಿದ್ದಿತು. ಹನ್ನೆರಡರ ಆಸುಪಾಸಿನ ಹುಡುಗ ಒಬ್ಬನೇ ಅಲ್ಲಿಗೆ ನಡೆದುಹೋದನು. ಮರಿಯಾ ವಾಟ್ಕಿನ್ಸ್ ಎಂಬ ಸೂಲಗಿತ್ತಿಯಮ್ಮ ಅವನಿಗೆ ಆಶ್ರಯ ಕೊಟ್ಟಳು. ಅಲ್ಲಿಯವರೆಗೆ ಅವನು ಕಾರ್ವರನ ಜಾರ್ಜ್ ಎಂದು ಒಡೆಯನ ಸೊತ್ತಿನಂತೆ ತನ್ನ ಹೆಸರು ಹೇಳಿಕೊಳ್ಳುತ್ತಿದ್ದನು. ಇನ್ನು ಮುಂದೆ ಜಾರ್ಜ್ ಕಾರ್ವರ್ ಎಂದೇ ಹೇಳಬೇಕೆಂದು ಆಕೆ ತಿದ್ದಿದಳು. ಮನೆಗೆಲಸ ಮಾಡಿ ಅನ್ನ ಸಂಪಾದಿಸುತ್ತ, ಬಿಡುವು ಸಿಕ್ಕಾಗ ಓದುತ್ತ ಅವನು ಅಲ್ಲಿ ಬೆಳೆದನು. ಅಲ್ಲಿಂದ ಕ್ಯಾನ್ಸಸ್ ಸಂಸ್ಥಾನದ ಊರೂರು ಅಲೆದು, ಅಡಿಗೆಯವನಾಗಿ, ಅಗಸನಾಗಿ ದುಡಿದು ಪ್ರೌಢಶಾಲೆ ಮುಗಿಸಿದನು. ಫೋರ್ಟ್ ಸ್ಕಾಟ್ ಎಂಬ ಊರಿನಲ್ಲಿ ಬಿಳಿಯರ ಗುಂಪೊಂದು ಕಪ್ಪು ಮನುಷ್ಯನೊಬ್ಬನನ್ನು ಬೀದಿಯಲ್ಲೇ ಕೊಂದುದನ್ನು ಕಂಡು, ಅದೇ ರಾತ್ರಿ ಊರು ಬಿಟ್ಟನು. ಆ ದೃಶ್ಯ ಅವನ ಮನಸ್ಸಿನಿಂದ ಎಂದೂ ಅಳಿಯಲಿಲ್ಲ.

ಹೈಲೆಂಡ್ ಎಂಬ ಊರಿನ ಕಾಲೇಜಿಗೆ ಅರ್ಜಿ ಹಾಕಿದಾಗ ಅಂಚೆಯಲ್ಲಿ ಪ್ರವೇಶದ ಪತ್ರ ಬಂತು. ಗಂಟುಮೂಟೆ ಕಟ್ಟಿಕೊಂಡು ಹೋಗಿ ನಿಂತಾಗ ಮೈಬಣ್ಣ ನೋಡಿ ಬಾಗಿಲು ಮುಚ್ಚಿದರು. ಮನನೊಂದ ಕಾರ್ವರರು ಕ್ಯಾನ್ಸಸ್ಸಿನ ಬಯಲುಸೀಮೆಗೆ ಹೋಗಿ, ಹುಲ್ಲುಹೆಂಟೆಗಳಿಂದ ಗುಡಿಸಲು ಕಟ್ಟಿಕೊಂಡು ಕೆಲವು ಕಾಲ ಬೇಸಾಯ ಮಾಡಿದರು. ಮರವಿಲ್ಲದ, ನೀರಿಲ್ಲದ, ಬೀಸುಗಾಳಿಯ ನೆಲವದು. ಒಣಭೂಮಿಯ ರೈತನ ಪಾಡು ಏನೆಂಬುದನ್ನು ಅವರು ಪುಸ್ತಕದಿಂದಲ್ಲ, ಅಲ್ಲಿ ಕೈಯಾರೆ ಉತ್ತು ಕಲಿತರು.

ಮುಂದೆ 1890ರಲ್ಲಿ ಅಯೋವಾ ಸಂಸ್ಥಾನದ ಸಿಂಪ್ಸನ್ ಕಾಲೇಜು ಅವರನ್ನು ಸೇರಿಸಿಕೊಂಡಿತು. ಅಲ್ಲಿ ಅವರು ಕಲಿಯಹೋದುದು ಚಿತ್ರಕಲೆಯನ್ನು. ಅವರು ಬರೆದ ಹೂಗಿಡಗಳ ಚಿತ್ರಗಳನ್ನು ನೋಡಿದ ಉಪಾಧ್ಯಾಯಿನಿ ಎಟ್ಟಾ ಬಡ್, ಈ ಮನುಷ್ಯ ಗಿಡಗಳನ್ನು ಬರೆಯುವುದಕ್ಕಿಂತ ಬೆಳೆಯುವುದರಲ್ಲಿ ಹೆಚ್ಚು ಮೇಲೇರುವನೆಂದು ಬಗೆದು, ಏಮ್ಸ್ ಊರಿನ ಕೃಷಿ ಕಾಲೇಜಿಗೆ ಹೋಗುವಂತೆ ಪ್ರೇರೇಪಿಸಿದಳು. ಆಕೆಯ ತಂದೆ ಅಲ್ಲಿ ತೋಟಗಾರಿಕೆಯ ಪ್ರಾಧ್ಯಾಪಕರಾಗಿದ್ದರು. 1891ರಲ್ಲಿ ಕಾರ್ವರರು ಆ ಕಾಲೇಜಿನ ಮೊದಲನೆಯ ಕಪ್ಪು ವಿದ್ಯಾರ್ಥಿಯಾದರು. ಮೊದಮೊದಲು ಊಟದ ಪಂಕ್ತಿಯಲ್ಲಿ ಅವರಿಗೆ ಜಾಗವಿರಲಿಲ್ಲ. ನೆಲಮಾಳಿಗೆಯಲ್ಲಿ ಆಳುಗಳೊಂದಿಗೆ ಉಣ್ಣಬೇಕಾಯಿತು. ಪಂಕ್ತಿಭೇದದ ಬಿಸಿ ಕಂಡ ನಮ್ಮ ನಾಡಿನವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. 1894ರಲ್ಲಿ ಪದವಿಯೂ 1896ರಲ್ಲಿ ಸ್ನಾತಕೋತ್ತರ ಪದವಿಯೂ ಬಂದುವು. ಸಸ್ಯರೋಗಗಳನ್ನು ಗುರುತಿಸುವುದರಲ್ಲಿ ಅವರ ಕಣ್ಣು ಬಲು ಚುರುಕೆಂದು ಹೆಸರಾಯಿತು. ಅದೇ ಕಾಲೇಜಿನಲ್ಲಿ ಉಪಾಧ್ಯಾಯ ವೃತ್ತಿಯೂ ದೊರೆತಿತ್ತು. ಅಲ್ಲಿಯೇ ನಿಂತಿದ್ದರೆ ನೆಮ್ಮದಿಯ ಜೀವನ ಅವರದಾಗುತ್ತಿತ್ತು.

ಆದರೆ ಆ ವರ್ಷವೇ ದಕ್ಷಿಣದಿಂದ ಕರೆ ಬಂತು. ಅಲಬಾಮಾ ಸಂಸ್ಥಾನದ ಟಸ್ಕೀಗಿಯಲ್ಲಿ ಬೂಕರ್ ಟಿ. ವಾಷಿಂಗ್ಟನ್ನರು ಕಪ್ಪು ಜನರಿಗಾಗಿ 1881ರಿಂದ ಒಂದು ವಿದ್ಯಾಸಂಸ್ಥೆ ನಡೆಸುತ್ತಿದ್ದರು. ಅಲ್ಲಿ ಕೃಷಿ ವಿಭಾಗ ಕಟ್ಟಲು ಕಾರ್ವರರು ಬೇಕಾಗಿದ್ದರು. ಸಂಬಳ ವರ್ಷಕ್ಕೆ 1000 ಡಾಲರ್. ತನ್ನ ಜನರ ಸೇವೆಗೆ ದೇವರೇ ದಾರಿ ತೋರಿದನೆಂದು ನಂಬಿ ಅವರು ಹೊರಟರು. 1896ರ ಅಕ್ಟೋಬರಿನಲ್ಲಿ ಟಸ್ಕೀಗಿಯಲ್ಲಿ ಇಳಿದರು. ಮುಂದೆ ಆ ಊರು ಬಿಡಲೇ ಇಲ್ಲ. ಒಂದು ಸಂಸ್ಥಾನದಲ್ಲಿ ಹುಟ್ಟಿ, ಎರಡು ಸಂಸ್ಥಾನಗಳಲ್ಲಿ ಕಲಿತು, ನಾಲ್ಕನೆಯದರ ಮಣ್ಣನ್ನು ತಮ್ಮದೆಂದುಕೊಂಡ ವಲಸಿಗರು ಅವರು.

ಅವರು ಕಂಡ ಅಲಬಾಮಾ ಹೇಗಿತ್ತು? ಎತ್ತ ನೋಡಿದರೂ ಹತ್ತಿ; ಮನೆಯ ಹೊಸ್ತಿಲವರೆಗೂ ಹತ್ತಿ. ತಲೆಮಾರುಗಳ ಕಾಲ ಬೇರೊಂದನ್ನು ಬಿತ್ತದೆ ಅದೊಂದನ್ನೇ ಬೆಳೆದು ನೆಲದ ಸತ್ವವೆಲ್ಲ ಹೀರಿಹೋಗಿತ್ತು. ಅಲ್ಲಿ ವರ್ಷಕ್ಕೆ ಸುಮಾರು 50 ಅಂಗುಲ ಮಳೆ. ಹತ್ತಿ ಬಿಡಿಸಿದ ಮೇಲೆ ಚಳಿಗಾಲವಿಡೀ ನೆಲ ಬತ್ತಲೆಯಾಗಿ ಬಿದ್ದಿರುತ್ತಿತ್ತು. ಇಳಿಜಾರಿನಲ್ಲಿ ಮೇಲಿನಿಂದ ಕೆಳಕ್ಕೆ ಗೆರೆ ಎಳೆದಂತೆ ಉತ್ತ ಸಾಲುಗಳೇ ನೀರಿಗೆ ಕಾಲುವೆಯಾಗುತ್ತಿದ್ದವು. ಮಳೆ ಬಂದಾಗಲೆಲ್ಲ ಮೇಲ್ಮಣ್ಣು ಕೊಚ್ಚಿಹೋಗುವುದು, ಕೊರಕಲು ಬೀಳುವುದು, ಕೊರಕಲು ಕಂದಕವಾಗುವುದು. ಕೆಲವು ಕಂದಕಗಳಲ್ಲಿ ಎತ್ತಿನ ಜೋಡಿಯೇ ಮರೆಯಾಗುವಂತಿತ್ತು.

ಈ ನೆಲವನ್ನು ಉಳುತ್ತಿದ್ದವರು ಯಾರು? ಗುಲಾಮಗಿರಿಯಿಂದ ಬಿಡುಗಡೆಯಾಗಿ ಮೂವತ್ತು ವರ್ಷ ಕಳೆದಿದ್ದರೂ ತಮ್ಮದೆಂಬ ಅಂಗೈಯಗಲ ನೆಲವಿಲ್ಲದವರು. ಒಡೆಯನ ಹೊಲವನ್ನು ಪಾಲಿಗೆ ಮಾಡುವರು. ಬೆಳೆದುದರಲ್ಲಿ ಅರ್ಧವನ್ನು ಒಡೆಯನಿಗೆ ಅಳೆಯುವರು. ಬೀಜ, ಗೊಬ್ಬರ, ಉಪ್ಪು, ಹಿಟ್ಟು ಎಲ್ಲವೂ ಅಂಗಡಿಯ ಉದ್ರಿ. ಇನ್ನೂ ಬಿತ್ತದ ಬೆಳೆಯೇ ಆ ಉದ್ರಿಗೆ ಅಡವು. ಹತ್ತಿ ಬಿತ್ತುವವನಿಗಲ್ಲದೆ ಅಂಗಡಿಯವನು ಸಾಲ ಕೊಡನು. ಸುಗ್ಗಿಯಲ್ಲಿ ಲೆಕ್ಕ ಹಾಕಿದಾಗ ಕೈಗೆ ಬರುವುದಕ್ಕಿಂತ ಬಾಕಿಯೇ ಹೆಚ್ಚು. ಊಟವೆಂದರೆ ಉಪ್ಪು ಹಚ್ಚಿದ ಹಂದಿಯ ಕೊಬ್ಬು, ಜೋಳದ ಹಿಟ್ಟು, ಕಾಕಂಬಿ. ಅದನ್ನೇ ತಿಂದು ತಿಂದು ಜನರಿಗೆ ರೋಗ. ಬರಡಾದ ಹೊಲ, ಬಡಕಲಾದ ಮೈ, ಮುಗಿಯದ ಸಾಲ ಎಂಬ ಮೂರು ಎಳೆಗಳ ಹಗ್ಗ ಅವರ ಕೊರಳಿಗೆ ಬಿದ್ದಿತ್ತು.

ಟಸ್ಕೀಗಿಯಲ್ಲಿ ಕಾರ್ವರರಿಗೆ ಪ್ರಯೋಗಶಾಲೆಯೂ ಇರಲಿಲ್ಲ. ವಿದ್ಯಾರ್ಥಿಗಳನ್ನು ಕರೆದುಕೊಂಡು ಊರಿನ ತಿಪ್ಪೆಗಳನ್ನು ತಿರುವಿ ಒಡೆದ ಶೀಸೆ, ಹಳೆಯ ಡಬ್ಬಿ, ತಂತಿ, ಮುಚ್ಚಳಗಳನ್ನು ಆರಿಸಿ ತಂದು ಉಪಕರಣ ಮಾಡಿಕೊಂಡರು. 1897ರಲ್ಲಿ ಅಲಬಾಮಾ ಶಾಸನಸಭೆ ಅಲ್ಲಿ ಕೃಷಿ ಪ್ರಯೋಗಕ್ಷೇತ್ರವೊಂದನ್ನು ಮಂಜೂರು ಮಾಡಿತು. ವರ್ಷಕ್ಕೆ ಸಿಗುತ್ತಿದ್ದ ಹಣ 1500 ಡಾಲರ್ ಮಾತ್ರ. ಪ್ರಯೋಗಕ್ಕೆ ದೊರೆತದ್ದು ಸವೆದು ಹೋದ, ಕೊರಕಲು ಬಿದ್ದ ನೆಲ. ಅವರಿಗೆ ಬೇಕಾದುದೂ ಅದೇ. ಒಳ್ಳೆಯ ನೆಲದಲ್ಲಿ ಒಳ್ಳೆಯ ಬೆಳೆ ತೋರಿಸಿದರೆ ಬಡವನಿಗೆ ಅದು ದೊಡ್ಡವರ ಆಟ. ತನ್ನ ಹೊಲದಷ್ಟೇ ಕೆಟ್ಟ ಹೊಲದಲ್ಲಿ ಬೆಳೆದು ತೋರಿಸಿದರೆ ಮಾತ್ರ ಅವನು ನಂಬುತ್ತಾನೆ.

ಅವರ ಉಪಾಯಗಳಲ್ಲಿ ದುಡ್ಡಿನ ಮಾತು ಕಡಿಮೆ. ಇಳಿಜಾರಿಗೆ ಅಡ್ಡಲಾಗಿ ಉಳಬೇಕು. ನೀರು ನಿಂತು ಇಂಗುವಂತೆ ಒಡ್ಡು ಹಾಕಬೇಕು. ನೇಗಿಲು ಆಳಕ್ಕೆ ಹೋಗಬೇಕು. ಕಾಡಿನಲ್ಲಿ ಉದುರಿದ ತರಗೆಲೆ, ಜೌಗಿನ ಕೆಸರು, ಕೊಟ್ಟಿಗೆಯ ಕಸ, ಒಲೆಯ ಬೂದಿ ಇವನ್ನೆಲ್ಲ ಪದರ ಪದರವಾಗಿ ಗುಡ್ಡೆ ಹಾಕಿ ಕೊಳೆಸಿ ಹೊಲಕ್ಕೆ ಹೊರಬೇಕು. ಅಂಗಡಿಯ ಗೊಬ್ಬರಕ್ಕೆ ಸಾಲ ಮಾಡುವ ರೈತನಿಗೆ, ಅವನ ಬೇಲಿಯಾಚೆಯ ಕಾಡೇ ದೊಡ್ಡ ಗೊಬ್ಬರದ ಕಾರ್ಖಾನೆಯೆಂದು ಅವರು ತಿಳಿಹೇಳಿದರು. ಎಲ್ಲಕ್ಕಿಂತ ಮುಖ್ಯವಾಗಿ, ನೆಲ ಎಂದೂ ಬತ್ತಲೆಯಾಗಿರಬಾರದು. ಹತ್ತಿ ಮುಗಿದೊಡನೆ ಚಳಿಗಾಲದಲ್ಲಿ ವೆಚ್, ಕ್ಲೋವರ್ ಮೊದಲಾದ ಹೊದಿಕೆ ಬೆಳೆ. ಬೇಸಗೆಯಲ್ಲಿ ಅಲಸಂದೆ, ವೆಲ್ವೆಟ್ ಅವರೆ.

ಹೊದಿಕೆ ಬೆಳೆಯ ಮರ್ಮವನ್ನು ಎರಡು ಮಾತಿನಲ್ಲಿ ಹೇಳಬಹುದು. ಎಲೆಗಳ ಚಪ್ಪರ ಮಳೆಹನಿಯ ಪೆಟ್ಟನ್ನು ತಾನು ತಾಳಿಕೊಂಡು ಮಣ್ಣನ್ನು ಕಾಯುತ್ತದೆ. ಬೇರುಗಳು ಮಣ್ಣನ್ನು ಹಿಡಿದಿಡುತ್ತವೆ. ಅದರಲ್ಲೂ ಬೆಳೆ ದ್ವಿದಳ ಧಾನ್ಯದ ಜಾತಿಯದಾದರೆ ಇನ್ನೊಂದು ಲಾಭ. ಅಲಸಂದೆಯ ಗಿಡವನ್ನು ಮೆಲ್ಲಗೆ ಕಿತ್ತು ಬೇರು ನೋಡಿದರೆ ಸಾಸಿವೆಯಷ್ಟು, ಕೆಲವೊಮ್ಮೆ ಮೆಣಸಿನ ಕಾಳಿನಷ್ಟು ಗಂಟುಗಳು ಕಾಣುತ್ತವೆ. ಅವುಗಳಲ್ಲಿ ವಾಸಿಸುವ ಸೂಕ್ಷ್ಮಜೀವಿಗಳು ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತವೆ. ಗಿಡವನ್ನು ಮಣ್ಣಿಗೆ ಸೇರಿಸಿದಾಗ ಆ ಸಾರ ನೆಲಕ್ಕೆ ದಕ್ಕುತ್ತದೆ. 1880ರ ದಶಕದಲ್ಲಷ್ಟೇ ಜರ್ಮನಿಯ ಹೆಲ್‌ರೀಗಲ್ ಮೊದಲಾದ ವಿದ್ವಾಂಸರು ಈ ಗುಟ್ಟನ್ನು ಶಾಸ್ತ್ರೀಯವಾಗಿ ತೋರಿಸಿದ್ದರು. ಹತ್ತಿಪ್ಪತ್ತು ವರ್ಷದೊಳಗೆ ಅದನ್ನು ಓದುಬರಹವಿಲ್ಲದ ರೈತನ ಹೊಲಕ್ಕೆ ಕೊಂಡೊಯ್ದುದು ಕಾರ್ವರರ ಸಾಧನೆ.

ಇಲ್ಲಿಯೇ ಈ ಚರಿತ್ರೆಯ ತಿರುಳಿರುವುದು. ಉಪಾಯ ಹೇಳುವುದು ಸುಲಭ, ಒಪ್ಪಿಸುವುದು ಕಷ್ಟ. ಪಾಲಿಗೆ ಮಾಡುವ ರೈತನ ಮನಸ್ಸನ್ನು ನೋಡಿ. ಹೊಲ ತನ್ನದಲ್ಲ, ಮುಂದಿನ ವರ್ಷ ತನ್ನ ಕೈಯಲ್ಲೇ ಇರುವುದೆಂಬ ಭರವಸೆಯಿಲ್ಲ. ಇಂದು ಅಲಸಂದೆ ಬಿತ್ತಿ ಮಗುಚಿ ಹಾಕಿದರೆ ಫಲ ಕಾಣುವುದು ಎರಡು ಮೂರು ವರ್ಷಕ್ಕೆ. ಅಷ್ಟರಲ್ಲಿ ಹೊಲ ಸುಧಾರಿಸಿತೆಂದು ಒಡೆಯ ಪಾಲು ಏರಿಸಬಹುದು, ಇಲ್ಲವೆ ಇನ್ನೊಬ್ಬನಿಗೆ ಕೊಡಬಹುದು. ಹೀಗಿರುವಾಗ ಪರರ ನೆಲಕ್ಕೆ ಅವನು ಯಾಕೆ ಬೆವರು ಸುರಿಸಬೇಕು? ಅವನು ಸೋಮಾರಿಯೆಂದೂ ದಡ್ಡನೆಂದೂ ಪಟ್ಟಣದ ಪಂಡಿತರು ಬೈದರು. ಕಾರ್ವರರು ಬೈಯಲಿಲ್ಲ. ಅವನ ಲೆಕ್ಕ ಸರಿಯಾಗಿಯೇ ಇದೆಯೆಂದು ಅವರಿಗೆ ತಿಳಿದಿತ್ತು. ಆ ಲೆಕ್ಕದೊಳಗೆ ಕೂಡುವಂಥ ಉಪಾಯವನ್ನು ಅವರು ಹುಡುಕಿದರು.

ಮಣ್ಣಿಗೆ ಒಳಿತಾದ ಬೆಳೆ ಅದೇ ವರ್ಷ ರೈತನ ಗಂಗಾಳಕ್ಕೂ ಬರಬೇಕು ಎಂಬುದೇ ಆ ಉಪಾಯ. ಅಲಸಂದೆಯ ಕಾಳನ್ನು ಬಿಡಿಸಿಕೊಂಡು ಉಂಡು, ಬಳ್ಳಿಯನ್ನು ಮಣ್ಣಿಗೆ ಕೊಡಬಹುದು. ಆಗ ಎರಡು ವರ್ಷ ಕಾಯಬೇಕಾಗಿಲ್ಲ. ಅಂಗಡಿಯ ಹಿಟ್ಟಿಗೆ ಸಾಲವೂ ಅಷ್ಟು ಕಡಿಮೆಯಾಯಿತು. ಆದರೆ ಅಲ್ಲಿನ ಜನ ಅಲಸಂದೆಯನ್ನು ಬಹುಮಟ್ಟಿಗೆ ದನದ ಮೇವೆಂದು ಬಗೆದಿದ್ದರು. ಸೂಸನ್ ಕಾರ್ವರಳ ಅಡಿಗೆಮನೆಯಲ್ಲಿ ಕಲಿತ ವಿದ್ಯೆ ಈಗ ಕೆಲಸಕ್ಕೆ ಬಂತು. ಮಣ್ಣಿನ ಶಾಸ್ತ್ರ ಹೇಳುವ ಅದೇ ಪುಸ್ತಿಕೆಯಲ್ಲಿ ಅಡಿಗೆಯ ವಿಧಾನಗಳೂ ಇರುತ್ತಿದ್ದವು. ರೈತನಿಗೆ ಬೇಸಾಯದ ಕ್ರಮ, ಶಾಲೆಯ ಮೇಷ್ಟರಿಗೆ ಶಾಸ್ತ್ರ, ಗೃಹಿಣಿಗೆ ಅಡಿಗೆ ಎಂದು ಮೂವರಿಗೂ ಒಂದೊಂದು ಪಾಲು. ಗಂಡ ಒಪ್ಪದಿದ್ದರೂ ಹೆಂಡತಿ ಒಪ್ಪಿದರೆ ಬೀಜ ಹೊಲಕ್ಕೆ ಹೋಗುತ್ತದೆಂಬ ಲೋಕಾನುಭವ ಅವರಿಗಿದ್ದಿತು.

ಇಂಥ ಪುಸ್ತಿಕೆಗಳು 1898ರಿಂದ ಅವರ ಕೊನೆಗಾಲದವರೆಗೆ 44 ಹೊರಬಂದುವು. ಮೊದಲನೆಯದು ಓಕ್ ಮರದ ಕಾಯಿಯನ್ನು ಹಂದಿಗಳಿಗೆ ಮೇವಾಗಿ ಹಾಕುವುದನ್ನು ಕುರಿತದ್ದು. 1903ರದು ಅಲಸಂದೆಯ ಮೇಲೆ. 1905ರದು ಸವೆದ ಹೊಲಗಳನ್ನು ಮತ್ತೆ ಕಟ್ಟುವ ಬಗೆಯ ಮೇಲೆ. 1916ರದು ಶೇಂಗಾ ಬೆಳೆಯುವ ವಿಧಾನ ಮತ್ತು ಅದರ 105 ಬಗೆಯ ಅಡಿಗೆಗಳ ಮೇಲೆ. ಭಾಷೆ ಸರಳ, ದೊಡ್ಡ ಶಬ್ದಗಳಿಲ್ಲ.

ಓದಲು ಬಾರದವರ ಗತಿಯೇನು? ಅವರ ಬಳಿಗೆ ಮೇಷ್ಟರೇ ಹೋದರು. ವಾರದ ಕೊನೆಯಲ್ಲಿ ಗಾಡಿ ಕಟ್ಟಿಕೊಂಡು ಬೀಜ, ಸಲಕರಣೆಗಳೊಂದಿಗೆ ಹಳ್ಳಿಗಳಿಗೆ ಹೋಗಿ, ಚರ್ಚು ಬಿಟ್ಟ ಮೇಲೆ ಅಂಗಳದಲ್ಲಿ ನಿಂತು ಪಾಠ ಹೇಳುತ್ತಿದ್ದರು. ಬಾಲ್ಯದ ಕೆಮ್ಮಿನಿಂದ ಅವರ ದನಿ ಕೀಚಲಾಗಿ ಉಳಿದಿತ್ತು. ಆದರೂ ಜನ ಮೈಯೆಲ್ಲ ಕಿವಿಯಾಗಿ ಕೇಳುತ್ತಿದ್ದರು. 1906ರಲ್ಲಿ ನ್ಯೂಯಾರ್ಕಿನ ಮಾರಿಸ್ ಜೆಸಪ್ ಎಂಬ ಧನಿಕರ ನೆರವಿನಿಂದ ಇದಕ್ಕಾಗಿಯೇ ಒಂದು ಬಂಡಿ ಸಿದ್ಧವಾಯಿತು. ಅದರ ನಕ್ಷೆ ಕಾರ್ವರರದೇ. ನೇಗಿಲು, ಬೀಜ, ಗೊಬ್ಬರದ ಮಾದರಿ, ಹಾಲು ಕಡೆಯುವ ಸಲಕರಣೆ ಎಲ್ಲವೂ ಅದರಲ್ಲಿ. ಅವರ ಶಿಷ್ಯರಾದ ಥಾಮಸ್ ಕ್ಯಾಂಪ್ಬೆಲ್ಲರು ಅದನ್ನು ನಡೆಸುವ ಹೊಣೆ ಹೊತ್ತರು. ಚಲಿಸುವ ಶಾಲೆಯೆಂದು ಹೆಸರಾದ ಆ ಬಂಡಿ ಒಬ್ಬ ರೈತನ ಹೊಲದಲ್ಲಿ ನಿಲ್ಲುವುದು, ನೆರೆಯವರೆಲ್ಲ ಕೂಡುವರು, ಅವನದೇ ನೆಲದಲ್ಲಿ ಉತ್ತು ತೋರಿಸುವರು. ಮುಂದೆ ಬಂಡಿಯ ಬದಲು ಮೋಟಾರು ಬಂತು. ಅದರಲ್ಲಿ ದಾದಿಯೊಬ್ಬಳೂ ಗೃಹಕೃತ್ಯ ಕಲಿಸುವವಳೂ ಬಂದರು. ಸರ್ಕಾರದ ಕೃಷಿ ವಿಸ್ತರಣೆಯೆಂದು ಇಂದು ನಾವು ಕರೆಯುವ ಕಾರ್ಯದ ಮೊದಲ ರೂಪಗಳಲ್ಲಿ ಅದೊಂದು.

ಇಷ್ಟರಲ್ಲಿ ಬೋಲ್ ವೀವಿಲ್ ಎಂಬ ಸೊಂಡಿಲು ಹುಳು ಮೆಕ್ಸಿಕೋದಿಂದ ಬಂದು 1910ರ ಹೊತ್ತಿಗೆ ಅಲಬಾಮಾವನ್ನು ಮುಟ್ಟಿತು. ಹತ್ತಿಯ ಮೊಗ್ಗನ್ನೂ ಕಾಯನ್ನೂ ಕೊರೆದು ಹಾಳುಮಾಡುವ ಕೀಟವದು. ಹತ್ತಿಯೊಂದನ್ನೇ ನಂಬಿದವರು ಕಂಗಾಲಾದರು. ಬೇರೆ ಬೆಳೆಯ ಮಾತನ್ನು ಕಿವಿಗೆ ಹಾಕಿಕೊಳ್ಳದಿದ್ದವರೂ ಈಗ ಶೇಂಗಾದ ಕಡೆ ತಿರುಗಿದರು. ಎಂಟರ್‌ಪ್ರೈಸ್ ಎಂಬ ಊರಿನವರು ತಮ್ಮನ್ನು ಹತ್ತಿಯಿಂದ ಬಿಡಿಸಿದ ಉಪಕಾರಕ್ಕಾಗಿ 1919ರಲ್ಲಿ ಆ ಹುಳುವಿಗೇ ಸ್ಮಾರಕ ಕಟ್ಟಿಸಿದರು! 1921ರಲ್ಲಿ ಶೇಂಗಾ ಆಮದಿನ ಸುಂಕದ ವಿಚಾರಣೆಗಾಗಿ ಅಮೆರಿಕದ ಕಾಂಗ್ರೆಸ್ಸಿನ ಸಮಿತಿ ಕಾರ್ವರರನ್ನು ಕರೆಸಿತು. ಅವರಿಗೆ ಕೊಟ್ಟ ಕಾಲ ಹತ್ತು ನಿಮಿಷ. ಶೇಂಗಾದಿಂದ ಮಾಡಿದ ಹಾಲು, ಹಿಟ್ಟು, ಬಣ್ಣ ಮೊದಲಾದುವನ್ನು ಒಂದೊಂದಾಗಿ ಪೆಟ್ಟಿಗೆಯಿಂದ ತೆಗೆದು ತೋರಿಸುತ್ತ ಹೋದಂತೆ ಸದಸ್ಯರು ಕಾಲದ ಮಿತಿಯನ್ನೇ ತೆಗೆದುಹಾಕಿದರು. ಅಂದಿನಿಂದ ಅವರ ಹೆಸರು ದೇಶವಿಡೀ ಹರಡಿತು.

ಕೀರ್ತಿಯ ಬೆನ್ನಿಗೆ ಕಟ್ಟುಕಥೆಗಳೂ ಬೆಳೆದವು. ಶೇಂಗಾ ಬೆಣ್ಣೆಯನ್ನು ಕಂಡುಹಿಡಿದವರು ಅವರೆಂದು ಹೇಳುವರು, ಅದು ನಿಜವಲ್ಲ. ಅವರು ಮಾಡಿ ತೋರಿಸಿದ ನೂರಾರು ಪದಾರ್ಥಗಳಲ್ಲಿ ಬಹುಪಾಲು ಮಾರುಕಟ್ಟೆಗೆ ಬರಲೇ ಇಲ್ಲ. ಶೇಂಗಾ ಮಣ್ಣಿಗೆ ಅಲಸಂದೆಯಷ್ಟು ಉಪಕಾರಿಯೂ ಅಲ್ಲ. ಬಳ್ಳಿಯನ್ನು ಬೇರುಸಹಿತ ಕಿತ್ತು ಕಾಯಿ ಬಿಡಿಸುವುದರಿಂದ ನೆಲ ಮತ್ತೆ ಬತ್ತಲೆಯಾಗುತ್ತದೆಂಬುದು ಶೇಂಗಾ ಬೆಳೆವ ನಮ್ಮ ರೈತರಿಗೆ ಗೊತ್ತು. ಶೇಂಗಾದ ಮಾಂತ್ರಿಕನೆಂಬ ಬಿರುದಿನ ಹಿಂದೆ ಮಣ್ಣಿನ ಮೇಷ್ಟರು ಮರೆಯಾಗಿಬಿಟ್ಟರೆಂಬುದೇ ನಮ್ಮ ವಿಷಾದ.

ಅವರಲ್ಲಿ ದೋಷಗಳಿರಲಿಲ್ಲವೆಂದಲ್ಲ. ಕಚೇರಿಯ ಲೆಕ್ಕಪತ್ರ, ವರದಿ, ಕೋಳಿಸಾಕಣೆಯ ಉಸ್ತುವಾರಿ ಇವೆಲ್ಲ ಅವರಿಗೆ ಒಗ್ಗುತ್ತಿರಲಿಲ್ಲ. ಶಿಸ್ತಿಗೆ ಹೆಸರಾದ ಬೂಕರ್ ವಾಷಿಂಗ್ಟನ್ನರಿಗೂ ಅವರಿಗೂ ಎಷ್ಟೋ ಸಲ ತಿಕ್ಕಾಟವಾಯಿತು. ರಾಜೀನಾಮೆಯ ಬೆದರಿಕೆಯವರೆಗೂ ಹೋಯಿತು. ಹೊಗಳಿಕೆ ಅವರಿಗೆ ಪ್ರಿಯವಾಗಿತ್ತು. ಟೀಕೆ ಬೇಗ ನೋಯಿಸುತ್ತಿತ್ತು. ಆದರೂ 1915ರಲ್ಲಿ ವಾಷಿಂಗ್ಟನ್ನರು ತೀರಿಕೊಂಡಾಗ ಕಾರ್ವರರು ಬಹಳ ದಿನ ದುಃಖದಲ್ಲಿ ಮುಳುಗಿದ್ದರು.

ಇದಕ್ಕಿಂತ ದೊಡ್ಡದಾದ ಮಿತಿಯೊಂದುಂಟು. ಅದು ಅವರದಲ್ಲ, ಅವರ ಕಾಲದ್ದು. ಮಣ್ಣಿನ ರೋಗಕ್ಕೆ ಅವರಲ್ಲಿ ಮದ್ದಿತ್ತು. ಆ ರೋಗದ ಮೂಲವಾದ ಪಾಲುಬೇಸಾಯಕ್ಕೂ ಸಾಲಕ್ಕೂ ಮದ್ದಿರಲಿಲ್ಲ. ಆಳವಾಗಿ ಉಳಲು ಜೋಡಿ ಹೇಸರಗತ್ತೆ ಬೇಕು. ಇದ್ದುದು ಒಂದೇ, ಅದೂ ಅಡವಿಟ್ಟದ್ದು. ಅಲಸಂದೆ ಬಿತ್ತಬೇಕೆಂದರೆ ಒಡೆಯನ ಒಪ್ಪಿಗೆ ಬೇಕು. ಒಡೆಯನಿಗೆ ಬೇಕಾದುದು ಹತ್ತಿ. ಕಪ್ಪು ಮನುಷ್ಯ ಒಡೆತನದ ವಿರುದ್ಧ ಬಾಯಿಬಿಟ್ಟರೆ ಜೀವಕ್ಕೇ ಅಪಾಯವಿದ್ದ ಕಾಲವದು. ಕಾರ್ವರರ ಮಾತು ಕೇಳಿ ಏಳಿಗೆಯಾದವರಲ್ಲಿ ಸ್ವಂತ ನೆಲವಿದ್ದವರು, ಇಲ್ಲವೆ ನೆಲ ಕೊಳ್ಳುವಷ್ಟು ಉಳಿಸಿದವರು ಮುಖ್ಯರು. ಉಳಿದವರಲ್ಲಿ ಲಕ್ಷಾಂತರ ಮಂದಿ ಕೊನೆಗೆ ಗಂಟು ಕಟ್ಟಿಕೊಂಡು ಚಿಕಾಗೋ, ಡೆಟ್ರಾಯಿಟ್ ಮೊದಲಾದ ಉತ್ತರದ ನಗರಗಳ ಕಾರ್ಖಾನೆಗಳಿಗೆ ಹೊರಟುಹೋದರು. ಮಣ್ಣು ಹೋದಲ್ಲಿ ಮನುಷ್ಯನೂ ನಿಲ್ಲನು. ಈ ಮಾತು ಈ ನಗರದಲ್ಲಿರುವ ನಮ್ಮನೇಕರ ಮನೆತನದ ಚರಿತ್ರೆಯೂ ಅಲ್ಲವೆ?

ಮಣ್ಣಿನ ಸವಕಳಿ ಇಡೀ ದೇಶದ ಆಪತ್ತೆಂದು ಅಮೆರಿಕದ ಸರ್ಕಾರ ಒಪ್ಪಿದ್ದು ಬಯಲುಸೀಮೆಯ ಧೂಳಿನ ಬಿರುಗಾಳಿಗಳ ತರುವಾಯ. 1935ರಲ್ಲಿ ಹ್ಯೂ ಬೆನೆಟ್ಟರ ಮುಂದಾಳುತನದಲ್ಲಿ ಮಣ್ಣು ಸಂರಕ್ಷಣೆಯ ಇಲಾಖೆ ಸ್ಥಾಪನೆಯಾಯಿತು. ಅಡ್ಡ ಉಳುಮೆ, ಒಡ್ಡು, ಹೊದಿಕೆ ಬೆಳೆ, ಬೆಳೆಯ ಸರದಿ ಎಂದು ಆ ಇಲಾಖೆ ಸಾರಿದ್ದೆಲ್ಲವನ್ನೂ ಕಾರ್ವರರು ಮೂವತ್ತು ವರ್ಷ ಮೊದಲೇ ಹೇಳಿದ್ದರು.

ಕಾರ್ವರರು ಮದುವೆಯಾಗಲಿಲ್ಲ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಕಾಡಿನಲ್ಲಿ ಒಬ್ಬರೇ ತಿರುಗುವರು. ಅದೇ ಅವರ ಪ್ರಾರ್ಥನೆ. ಹಳೆಯ ಕೋಟು, ಅದರ ಗುಂಡಿಯಲ್ಲಿ ದಿನವೂ ಹೊಸದೊಂದು ಹೂವು. ಸಂಬಳದ ಚೆಕ್ಕುಗಳು ಬ್ಯಾಂಕಿಗೆ ಹೋಗದೆ ಮೇಜಿನಲ್ಲಿ ಬಿದ್ದಿರುತ್ತಿದ್ದವು. ಹೀಗೆ ಉಳಿದ ಸುಮಾರು 60 ಸಾವಿರ ಡಾಲರುಗಳನ್ನೆಲ್ಲ ಸಂಶೋಧನೆಯ ನಿಧಿಗಾಗಿ ಕೊಟ್ಟುಬಿಟ್ಟರು. 1943ರ ಜನವರಿ 5ರಂದು ತೀರಿಕೊಂಡರು. ಟಸ್ಕೀಗಿಯಲ್ಲೇ ಬೂಕರ್ ವಾಷಿಂಗ್ಟನ್ನರ ಪಕ್ಕದಲ್ಲಿ ಅವರ ಸಮಾಧಿಯಿದೆ. ಅದೇ ವರ್ಷ ಡೈಮಂಡ್ ಹಳ್ಳಿಯ ಅವರ ಜನ್ಮಸ್ಥಳ ರಾಷ್ಟ್ರೀಯ ಸ್ಮಾರಕವಾಯಿತು. ಕುದುರೆ ಕೊಟ್ಟು ಬಿಡಿಸಿಕೊಂಡ ಕೂಸಿಗಾಗಿ ದೇಶವೇ ಸ್ಮಾರಕ ಮಾಡಿತು.

ಈಗ ನಮ್ಮ ಕಡೆ ಒಮ್ಮೆ ತಿರುಗಿ ನೋಡೋಣ. ಕಾರ್ವರರು ಕಷ್ಟಪಟ್ಟು ಒಪ್ಪಿಸಿದ ಪಾಠ ನಮ್ಮ ಹಿರಿಯರಿಗೆ ರೂಢಿಯಾಗಿ ಬಂದದ್ದು. ಹಳೆಯ ಮೈಸೂರಿನ ರಾಗಿಯ ಹೊಲದಲ್ಲಿ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳಿನ ಅಕ್ಕಡಿ ಸಾಲು. ಬಡಗಣ ಕರ್ನಾಟಕದ ಸಜ್ಜೆಯ ಜೊತೆ ತೊಗರಿ, ಹೆಸರು. ಹಿಂಗಾರಿ ಜೋಳದ ಸುತ್ತ ಕುಸುಬೆ. ನೆಲಕ್ಕೂ ಹೊಟ್ಟೆಗೂ ಒಟ್ಟಿಗೆ ಆಗುವ ಬೇಸಾಯವದು. ಒಣಬೇಸಾಯದ ಸಂಶೋಧನೆಗಾಗಿ 1930ರ ದಶಕದಲ್ಲಿ ಸೊಲ್ಲಾಪುರ, ವಿಜಯಪುರ, ಹಗರಿ, ರಾಯಚೂರುಗಳಲ್ಲಿ ಕ್ಷೇತ್ರಗಳು ಹುಟ್ಟಿದವು. 1942ರಲ್ಲಿ ಮುಂಬಯಿ ಪ್ರಾಂತ ಒಡ್ಡು ಹಾಕಿಸುವುದೇ ಮೊದಲಾದ ಭೂಸುಧಾರಣೆಗೆ ಕಾಯಿದೆ ಮಾಡಿತು. 1954ರಲ್ಲಿ ಬಳ್ಳಾರಿಯಲ್ಲಿ ಮಣ್ಣು ಸಂರಕ್ಷಣೆಯ ಸಂಶೋಧನಾ ಕೇಂದ್ರ ಆರಂಭವಾಯಿತು. ವಿದ್ಯೆಗೆ ಕೊರತೆಯಿಲ್ಲ. ಆದರೆ ಉಳುವವನ ಮನಸ್ಸಿಲ್ಲದೆ ಹಾಕಿದ ಒಡ್ಡು ಒಂದು ದೊಡ್ಡ ಮಳೆಗೆ ಒಡೆಯುತ್ತದೆ. ಮತ್ತೆ ಮಣ್ಣು ಹಾಕುವವರಿರುವುದಿಲ್ಲ.

ಆ ಮನಸ್ಸು ಎಲ್ಲಿಂದ ಬರಬೇಕು? ಇಲ್ಲಿ ನಾವು ಕೊಂಚ ನಾಚಿಕೆಯಿಂದ ಒಪ್ಪಿಕೊಳ್ಳಬೇಕಾದ ಮಾತಿದೆ. ಕಾರ್ವರರ ಕಥೆಯನ್ನು ಓದುವಾಗ ನಾವು ಬಡ ರೈತನ ಕಡೆ ನಿಂತು ಮರುಗುತ್ತೇವೆ. ಆದರೆ ಊರಿನ ಹೊಲದ ಮಟ್ಟಿಗೆ ನಾವು ನಿಂತಿರುವುದು ಒಡೆಯನ ಜಾಗದಲ್ಲಿ. ನಮ್ಮ ಹೊಲ ಉಳುವಾತನಿಗೆ ಮುಂದಿನ ವರ್ಷದ ಭರವಸೆಯನ್ನು ಕೊಟ್ಟಿದ್ದೇವೆಯೆ? ಒಂದು ಹಂಗಾಮು ಹುರುಳಿಯನ್ನೋ ಅಲಸಂದೆಯನ್ನೋ ಹಾಕಿ ನೆಲಕ್ಕೆ ಬಿಡು, ಆ ಸಲದ ನಮ್ಮ ಪಾಲು ಬೇಡ ಎಂದು ಹೇಳಿದ್ದೇವೆಯೆ? ಒಡ್ಡು ಕಟ್ಟಿಸುವ ಖರ್ಚಿನಲ್ಲಿ ಅರ್ಧ ಹೊತ್ತಿದ್ದೇವೆಯೆ? ಅಲಬಾಮಾದ ಒಡೆಯರು ಇಷ್ಟನ್ನು ಮಾಡಿದ್ದರೆ ಕಾರ್ವರರ ಕೆಲಸ ನೂರುಪಾಲು ಫಲಿಸುತ್ತಿತ್ತು.

ನಾಡನ್ನು ನೆನೆಯುವ ಈ ದಿನ ನಾವು ಬಾವುಟ ಏರಿಸಿ, ಹಾಡು ಹಾಡಿ, ಮಕ್ಕಳ ನಾಟಕ ನೋಡಿ ಸಂತೋಷಪಡೋಣ. ಭಾಷೆಯನ್ನು ಪರನಾಡಿನಲ್ಲಿ ಉಳಿಸಿಕೊಂಡ ಹೆಮ್ಮೆ ನಮಗಿರಲಿ. ನಾಡೆಂದರೆ ನುಡಿಯಷ್ಟೇ ಅಲ್ಲ, ನೆಲವೂ ಹೌದು. ಮುಂದಿನ ಸಲ ಊರಿಗೆ ಹೋದಾಗ ಚೀಲದ ಲೆಕ್ಕ ಕೇಳುವ ಮೊದಲು ಮಕ್ಕಳ ಕೈಹಿಡಿದು ಹೊಲಕ್ಕೆ ಹೋಗೋಣ. ಒಂದು ಅಲಸಂದೆಯ ಗಿಡ ಕಿತ್ತು ಬೇರಿನ ಗಂಟುಗಳನ್ನು ಅವರಿಗೆ ತೋರಿಸೋಣ. ಉಳುವಾತನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಣ್ಣು ಹೇಗಿದೆಯೆಂದು ಕೇಳೋಣ. ಮಣ್ಣಿನ ಮೇಷ್ಟರಿಗೆ ನಾವು ಸಲ್ಲಿಸಬಹುದಾದ ಗುರುದಕ್ಷಿಣೆ ಅದೇ.